ಎಕ್ಸೆಲ್ ಮ್ಯಾಕ್ರೊ, ಹೆಸರಿಟ್ಟ ರೇಂಜು: ಬೆಲ್ಲದ ಮಂಡಿಯಲ್ಲಿ ಎರಡು ಸೀಸನ್ ಬಳಸಿದ ಮೇಲೆ

ಮಂಡ್ಯದ ಎಪಿಎಂಸಿ ಯಾರ್ಡಿನ ಒಂದು ಬೆಲ್ಲದ ಮಂಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಓದಿದ್ದು ಬಿ.ಕಾಂ. ಕೋಡಿಂಗ್ ಗೀಡಿಂಗ್ ನನಗೆ ಯಾರೂ ಹೇಳಿಕೊಟ್ಟಿಲ್ಲ. ಎರಡು ಸೀಸನ್ನಿನಿಂದ ಎಕ್ಸೆಲ್ ಮ್ಯಾಕ್ರೊ ಬಳಸಿ, ಅಂದರೆ ಬಟನ್ ಒತ್ತಿದರೆ ಎಕ್ಸೆಲ್ ತಾನೇ ಕೆಲಸ ಮಾಡುವ ಹಾಗೆ ಕೋಡ್ ಬರೆದಿಟ್ಟು, ದಿನದ ಪಟ್ಟಿ ಮಾಡುತ್ತಿದ್ದೇನೆ. ಅದರಲ್ಲೂ ಕಾಲಂಗಳಿಗೆ ಹೆಸರಿಟ್ಟು, ಆ ಹೆಸರಿನ ಮೇಲೇ ಕೋಡ್‌ನಿಂದ ಫಾರ್ಮುಲಾ ಹಾಕಿಸುವುದು. ನೇಮ್ಡ್ ರೇಂಜ್ ಅಂತಾರಲ್ಲ, ಅದು. ಇದು ನಿಜವಾಗಿ ಕೆಲಸಕ್ಕೆ ಬರುತ್ತಾ, ಎಲ್ಲಿ ಕೈ ಕೊಡುತ್ತೆ ಅಂತ ಪಕ್ಕದ ಮಂಡಿಯವರು ಇಬ್ಬರು ಮೂವರು ಕೇಳಿದ್ದರು. ಪ್ರತಿಯೊಬ್ಬರಿಗೂ ಟೀ ಕುಡೀತಾ ಹೇಳಿ ಸಾಕಾಯಿತು, ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ಮೊದಲು ನಮ್ಮ ಹಾಳೆ ಹೇಗಿರುತ್ತೆ ಅಂತ ಹೇಳಬೇಕು. ಮೊದಲು ಸೀರಿಯಲ್ ನಂಬರ್, ಆಮೇಲೆ ರೈತರ ಹೆಸರು, ಬೆಲ್ಲದ ಬಗೆ, ತೂಕ, ದರ, ಮೊತ್ತ, ಹಮಾಲಿ, ಗಾಡಿ ಬಾಡಿಗೆ, ಕೊನೆಗೆ ನಿವ್ವಳ. ಬಗೆ ಅಂದರೆ ಅಚ್ಚು, ಬಕೆಟ್, ಕುರಿಕಾಲು, ಬಾಕ್ಸ್. ಒಬ್ಬರೇ ರೈತರು ಒಂದೇ ಗಾಡಿಯಲ್ಲಿ ಎರಡು ಮೂರು ಬಗೆ ತರುತ್ತಾರೆ. ಒಂದೇ ಬಗೆಯಲ್ಲೂ ಬಣ್ಣ ನೋಡಿ ದರ ಬೇರೆ ಬೇರೆ ಕೂಗುತ್ತಾರೆ. ಹಾಗಾಗಿ ಒಬ್ಬರಿಗೆ ಮೂರು ನಾಲ್ಕು ಸಾಲು ಆಗುತ್ತೆ. ಹೆಸರು ಮಾತ್ರ ಮೊದಲ ಸಾಲಿನಲ್ಲಿ ಒಂದೇ ಸಲ ಬರೆಯುತ್ತೇವೆ, ಕೆಳಗಿನ ಸಾಲುಗಳಲ್ಲಿ ಆ ಜಾಗ ಖಾಲಿ. ಕೈಪುಸ್ತಕದ ಕಾಲದಿಂದ ಬಂದ ರೂಢಿ ಇದು. ಈ ಖಾಲಿ ಜಾಗವನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ನನ್ನ ಮಾನ ತೆಗೆಯಿತು.

ನಮ್ಮಲ್ಲಿ ಮೊದಲೂ ಒಂದು ಮ್ಯಾಕ್ರೊ ಇತ್ತು. ಯಜಮಾನ್ರು ಮೈಸೂರಿನ ಒಬ್ಬರಿಗೆ ದುಡ್ಡು ಕೊಟ್ಟು ಮಾಡಿಸಿದ್ದರು. ಯಾರು ಅಂತ ಹೇಳಲ್ಲ, ಅವರ ಹೊಟ್ಟೆಪಾಡು ಅವರಿಗೆ. ಆದರೆ ಆ ಕೋಡ್ ತೆರೆದು ನೋಡಿದರೆ ಬರೀ ಸೆಲ್‌ಗಳ ಮನೆ ನಂಬರ್‌ಗಳು. ಡಿ2 ಗುಣಿಸು ಇ2, ಅದನ್ನು ಎಫ್2ರಲ್ಲಿ ಹಾಕು. ಆಮೇಲೆ ಒಂದು ಲೂಪ್, ಸಾಲು ಎರಡರಿಂದ ಸಾಲು ಇನ್ನೂರರವರೆಗೆ, ಒಂದೊಂದೇ ಸಾಲಿಗೆ ಹೋಗಿ ಬರೆದು ಬರುವುದು. ಒಂದು ವಾರ ಚೆನ್ನಾಗಿ ಓಡಿತು. ಒಂದು ದಿನ ಯಜಮಾನ್ರು ಗಾಡಿ ನಂಬರ್ ಬೇಕು ಅಂತ ಹೆಸರಿನ ಪಕ್ಕ ಒಂದು ಕಾಲಂ ಸೇರಿಸಿಸಿದರು. ಹಾಳೆಯಲ್ಲಿದ್ದ ಫಾರ್ಮುಲಾಗಳು ತಾವೇ ಸರಿದುಕೊಂಡವು. ಕೋಡ್‌ನೊಳಗೆ ಕೋಟ್ಸ್ ಮಧ್ಯೆ ಬರೆದ ಡಿ2 ಮಾತ್ರ ಡಿ2 ಆಗೇ ಉಳಿಯಿತು, ಅದು ಬರೀ ಅಕ್ಷರ ಅಲ್ವಾ, ಎಕ್ಸೆಲ್‌ಗೆ ಅದನ್ನು ಸರಿಸಬೇಕು ಅಂತ ಗೊತ್ತಾಗೋದು ಹೇಗೆ. ಬಟನ್ ಒತ್ತಿದ ಕೂಡಲೇ ಬೆಲ್ಲದ ಬಗೆಯನ್ನು ತೂಕದಿಂದ ಗುಣಿಸಲು ಹೋಗಿ, ದರದ ಕಾಲಂ ತುಂಬಾ ಎರರ್ ತುಂಬಿಟ್ಟಿತು. ಆವತ್ತಿನ ದರಗಳೆಲ್ಲ ಅಳಿಸಿಹೋದವು. ಚೀಟಿ ನೋಡಿ ಮತ್ತೆ ಹೊಡೆದೆ. ರಾತ್ರಿ ಒಂಬತ್ತಾಯಿತು.

ಆ ರಾತ್ರಿಯ ಸಿಟ್ಟಿನಲ್ಲೇ ನಾನು ಇದನ್ನು ಕಲಿತದ್ದು.

ಹೆಸರಿಡುವುದು ಸುಲಭ. ತೂಕದ ಕಾಲಂನ ಸಾಲುಗಳನ್ನು ಸೆಲೆಕ್ಟ್ ಮಾಡಿ, ಫಾರ್ಮುಲಾ ಪಟ್ಟಿಯ ಎಡಕ್ಕೆ ಸಣ್ಣ ಬಾಕ್ಸ್ ಇದೆಯಲ್ಲ, ಯಾವ ಸೆಲ್‌ನಲ್ಲಿದ್ದೀರಿ ಅಂತ ತೋರಿಸುವುದು, ಅಲ್ಲಿ ತೂಕ ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ ಮುಗಿಯಿತು. ಕಂಟ್ರೋಲ್ ಎಫ್3 ಒತ್ತಿದರೆ ಇಟ್ಟ ಹೆಸರುಗಳೆಲ್ಲ ಒಂದು ಕಡೆ ಕಾಣುತ್ತವೆ, ಅದು ನೇಮ್ ಮ್ಯಾನೇಜರ್. ಆಮೇಲೆ ಕೋಡ್‌ನಲ್ಲಿ ಬರೆಯಬೇಕಾದ್ದು ಒಂದೇ ಸಾಲು. ರೇಂಜ್, ಬ್ರಾಕೆಟ್, ಕೋಟ್ಸ್ ಒಳಗೆ ಮೊತ್ತ, ಡಾಟ್ ಫಾರ್ಮುಲಾ, ಈಕ್ವಲ್, ಮತ್ತೆ ಕೋಟ್ಸ್ ಒಳಗೆ =ತೂಕ*ದರ. ಅಷ್ಟೇ. ಲೂಪ್ ಬೇಡ. ಮೊತ್ತ ಅನ್ನೋ ರೇಂಜಿನಲ್ಲಿ ಎಷ್ಟು ಸಾಲು ಇದೆಯೋ ಅಷ್ಟಕ್ಕೂ ಒಂದೇ ಏಟಿಗೆ ಫಾರ್ಮುಲಾ ಕೂರುತ್ತೆ, ಪ್ರತಿ ಸಾಲೂ ತನ್ನ ಸಾಲಿನ ತೂಕ, ತನ್ನ ಸಾಲಿನ ದರವನ್ನೇ ಎತ್ತಿಕೊಳ್ಳುತ್ತೆ. ಮಧ್ಯೆ ಎಷ್ಟು ಕಾಲಂ ಸೇರಿಸಿದರೂ ಹೆಸರು ತನ್ನ ಕಾಲಂ ಜೊತೆಗೇ ಸರಿಯುತ್ತೆ. ಗಾಡಿ ನಂಬರ್ ಕಾಲಂ ಬಂತು, ಫೋನ್ ನಂಬರ್ ಕಾಲಂ ಬಂತು, ಕೋಡ್ ಮುಟ್ಟಲೇ ಇಲ್ಲ.

ಹಮಾಲಿ ದರಕ್ಕೆ ಒಂದೇ ಸೆಲ್. ಅದಕ್ಕೂ ಒಂದು ಹೆಸರು. ಒಂದೇ ಸೆಲ್‌ಗೆ ಹೆಸರಿಟ್ಟರೆ ಎಲ್ಲ ಸಾಲೂ ಅದೇ ಸೆಲ್ಲನ್ನೇ ನೋಡುತ್ತೆ, ವಿಳಾಸ ಸರಿಯದಿರಲಿ ಅಂತ ಡಾಲರ್ ಚಿಹ್ನೆ ಹಾಕುವ ರಗಳೆ ಇಲ್ಲ. ಹಮಾಲಿ ಜಾಸ್ತಿ ಆದ ದಿನ ಒಂದು ಕಡೆ ಬದಲಾಯಿಸಿದರೆ ಸಾಕು.

ಇಲ್ಲಿ ಒಂದು ಚಿಕ್ಕ ಗುಂಡಿ ಇದೆ. ಮಂಡಿಯ ಕಂಪ್ಯೂಟರಿನಲ್ಲಿ ಇರುವುದು 2016ರ ಎಕ್ಸೆಲ್, ನನ್ನ ಲ್ಯಾಪ್‌ಟಾಪಿನಲ್ಲಿ 365. ಇಲ್ಲಿ ಮಾಡಿದ ಫೈಲನ್ನು ಮನೆಯಲ್ಲಿ ತೆರೆದರೆ ಫಾರ್ಮುಲಾದಲ್ಲಿ ತೂಕ, ದರದ ಹಿಂದೆ @ ಗುರುತು ಬಂದು ಕೂತಿರುತ್ತೆ. ಹೆದರಬೇಡಿ. ‘ಇದೇ ಸಾಲಿನದು’ ಅಂತ ಅದರ ಅರ್ಥ. ಹಳೇ ಎಕ್ಸೆಲ್ ಸದ್ದಿಲ್ಲದೆ ಮಾಡುತ್ತಿದ್ದುದನ್ನು ಹೊಸದು ಬಾಯಿಬಿಟ್ಟು ಹೇಳುತ್ತೆ, ಅಷ್ಟೇ. ಆದರೆ ಹೊಸದರಲ್ಲಿ ಡಾಟ್ ಫಾರ್ಮುಲಾ2 ಅಂತ ಇನ್ನೊಂದು ಇದೆ. ಹೊಸದು ಅಂದಮೇಲೆ ಒಳ್ಳೇದೇ ಇರಬೇಕು ಅಂತ ನಾನು ಅದನ್ನು ಹಾಕಿ ನೋಡಿದೆ. ಅದು ಪ್ರತಿ ಸಾಲಿನಲ್ಲೂ ಇಡೀ ಕಾಲಂನ ಉತ್ತರವನ್ನು ಸುರಿಯಲು ಹೋಗುತ್ತೆ, ಕೆಳಗೆ ಜಾಗ ಇಲ್ಲ, ಸಾಲುಸಾಲಾಗಿ #ಸ್ಪಿಲ್ ಎರರ್. ನಮ್ಮ ತರಹದ ಕೆಲಸಕ್ಕೆ ಹಳೇ ಡಾಟ್ ಫಾರ್ಮುಲಾನೇ ಸರಿ.

ಆರ್1ಸಿ1 ಅಂತ ಮೂರನೇ ದಾರಿಯೂ ಇದೆ. ಎಡಕ್ಕೆ ಎರಡು ಮನೆ ಗುಣಿಸು ಎಡಕ್ಕೆ ಒಂದು ಮನೆ, ಅನ್ನೋ ತರಹ ಬರೆಯುವುದು. ಇದು 1982ರ ಮಲ್ಟಿಪ್ಲಾನ್ ಅನ್ನೋ ಲೆಕ್ಕದ ಪ್ರೋಗ್ರಾಮಿನ ಕಾಲದ ಪದ್ಧತಿ, ಎಕ್ಸೆಲ್‌ಗಿಂತಲೂ ಹಳೇದು. ಕೋಡ್ ಬರೆಯುವವರಿಗೆ ಇದು ಇಷ್ಟ, ಎಲ್ಲ ಸಾಲಿಗೂ ಅಕ್ಷರ ಒಂದೇ ಇರುತ್ತೆ ನೋಡಿ. ನನಗೆ ಹಿಡಿಸಲಿಲ್ಲ. ಮಧ್ಯೆ ಕಾಲಂ ಬಂದರೆ ಮತ್ತೆ ಮನೆ ಎಣಿಸಬೇಕು.

ಹೆಸರು ಇಡುವಾಗಲೂ ಎಕ್ಸೆಲ್ ಕೆಲವು ಹೆಸರು ಒಪ್ಪಲ್ಲ. ಮಧ್ಯೆ ಖಾಲಿ ಜಾಗ ಬಿಡಂಗಿಲ್ಲ, ಅದು ಗೊತ್ತಿದ್ದದ್ದೇ. ನನ್ನನ್ನು ಅರ್ಧ ಗಂಟೆ ಆಟ ಆಡಿಸಿದ್ದು ಬೇರೆ. ಬೆಲ್ಲದ ನಾಲ್ಕು ಬಗೆಗೆ ಬೆಲ್1, ಬೆಲ್2 ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಡಲು ಹೋದೆ. ಬಿ, ಇ, ಎಲ್, ಒಂದು. ಬಾಕ್ಸಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ ಹೆಸರು ಕೂರಲ್ಲ, ಬದಲಿಗೆ ಹಾಳೆ ಎಲ್ಲೋ ದೂರಕ್ಕೆ ಓಡಿಹೋಗಿ ಖಾಲಿ ಸೆಲ್‌ಗಳನ್ನು ತೋರಿಸುತ್ತೆ. ಕಂಪ್ಯೂಟರ್ ಕೆಟ್ಟಿತು ಅಂದುಕೊಂಡೆ. ಆಮೇಲೆ ತಲೆಗೆ ಹೊಳೆಯಿತು, ಬಿಇಎಲ್ ಅನ್ನೋದು ನಿಜವಾಗಿಯೂ ಒಂದು ಕಾಲಂ! 2007ರ ಎಕ್ಸೆಲ್‌ನಿಂದ ಈಚೆಗೆ ಹಾಳೆಯಲ್ಲಿ 16,384 ಕಾಲಂ ಇವೆ, ಎಕ್ಸ್‌ಎಫ್‌ಡಿವರೆಗೆ. ಅದಕ್ಕೆ ಮುಂಚೆ 256 ಮಾತ್ರ, ಐವಿಗೆ ನಿಲ್ಲುತ್ತಿತ್ತು. ಹಾಗಾಗಿ ಮೂರು ಅಕ್ಷರ ಹಾಕಿ ನಂಬರ್ ಹಾಕಿದರೆ ಬಹುಪಾಲು ಅದು ಯಾವುದೋ ಸೆಲ್‌ನ ವಿಳಾಸವೇ ಆಗಿರುತ್ತೆ. ಮಧ್ಯೆ ಒಂದು ಅಂಡರ್‌ಸ್ಕೋರ್ ಹಾಕಿದೆ, ತೆಪ್ಪಗೆ ಒಪ್ಪಿಕೊಂಡಿತು.

ಈಗ ಮಾನ ಹೋದ ಕತೆ.

ಸಂಕ್ರಾಂತಿಗೆ ಮುಂಚಿನ ವಾರ. ಎಳ್ಳುಬೆಲ್ಲದ ಸೀಸನ್ನು, ಯಾರ್ಡಿನಲ್ಲಿ ಕಾಲಿಡಲು ಜಾಗ ಇಲ್ಲ. ಹೆಸರಿಟ್ಟ ರೇಂಜಿನ ಒಂದು ಗುಣ ಏನಪ್ಪಾ ಅಂದರೆ, ಅದರ ಮಧ್ಯೆ ಸಾಲು ಸೇರಿಸಿದರೆ ತಾನೇ ಉದ್ದ ಆಗುತ್ತೆ. ಕೊನೆ ಸಾಲಿನ ಕೆಳಗೆ ಟೈಪ್ ಮಾಡಿದರೆ ಆಗಲ್ಲ. ನಲವತ್ತನೇ ಸಾಲಿಗೆ ಹೆಸರು ಮುಗಿದಿದ್ದರೆ ನಲವತ್ತೊಂದನೇದು ಅದರ ಲೆಕ್ಕಕ್ಕೇ ಇಲ್ಲ. ಇದು ನನಗೆ ಮೊದಲ ವಾರದಲ್ಲೇ ಗೊತ್ತಾಗಿತ್ತು, ಅದಕ್ಕೇ ಮ್ಯಾಕ್ರೊದ ಶುರುವಿನಲ್ಲಿ ಒಂದು ಕೆಲಸ ಸೇರಿಸಿದ್ದೆ. ಹಾಳೆಯ ತಳದಿಂದ, ಅಂದರೆ 10,48,576ನೇ ಸಾಲಿನಿಂದ ಮೇಲಕ್ಕೆ ಬಂದು, ತುಂಬಿದ ಕೊನೆ ಸೆಲ್ ಎಲ್ಲಿದೆ ಅಂತ ನೋಡುವುದು, ಆ ಸಾಲಿನವರೆಗೆ ಎಲ್ಲ ಹೆಸರನ್ನೂ ಹೊಸದಾಗಿ ಇಡುವುದು. ಕೋಡ್‌ನಲ್ಲಿ ನೇಮ್ಸ್ ಡಾಟ್ ಆಡ್ ಅಂತ. ಅದೇ ಹೆಸರು ಮೊದಲೇ ಇದ್ದರೆ ಜಗಳ ಇಲ್ಲ, ಹಳೇದರ ಮೇಲೆ ಹೊಸದು ಕೂರುತ್ತೆ. ಚೆನ್ನಾಗೇ ಯೋಚನೆ ಮಾಡಿದ್ದೆ. ಆದರೆ ಕೊನೆ ಸಾಲು ಹುಡುಕಲು ಯಾವ ಕಾಲಂ ನೋಡಿದೆ? ಹೆಸರಿನ ಕಾಲಂ.

ಆವತ್ತು ಕೊನೆಗೆ ಬಂದವರು ಪಾಂಡವಪುರ ಕಡೆಯ ಒಬ್ಬ ವಯಸ್ಸಾದ ರೈತರು. ಮೂರು ಬಗೆ ತಂದಿದ್ದರು. ಹೆಸರು ಮೊದಲ ಸಾಲಿನಲ್ಲಿ, ಕೆಳಗಿನ ಎರಡು ಸಾಲಿನಲ್ಲಿ ಖಾಲಿ. ಮ್ಯಾಕ್ರೊ ತಳದಿಂದ ಮೇಲೆ ಬಂತು, ಅವರ ಹೆಸರು ಸಿಕ್ಕಿತು, ಅಲ್ಲೇ ನಿಂತಿತು. ಕೆಳಗಿನ ಎರಡು ಸಾಲಿಗೆ ಫಾರ್ಮುಲಾನೇ ಬೀಳಲಿಲ್ಲ. ನಾನು ಪ್ರಿಂಟ್ ತೆಗೆದು ಕೈಗೆ ಕೊಟ್ಟೆ. ಅವರು ಕನ್ನಡಕ ಕೂಡ ಹಾಕಿಕೊಳ್ಳಲಿಲ್ಲ. ಪಟ್ಟಿಯನ್ನು ಕಣ್ಣಿಂದ ಒಂದು ಮಾರು ದೂರ ಹಿಡಿದು, ಜೇಬಿನಿಂದ ತೂಕದ ಚೀಟಿ ತೆಗೆದರು. ಚೀಟಿಯ ಹಿಂದೆ ಪೆನ್ಸಿಲ್‌ನಲ್ಲಿ ಆಗಲೇ ಲೆಕ್ಕ ಹಾಕಿಟ್ಟಿದ್ದರು.

“ಮಗಾ, ಬಕೆಟ್ಟಿಂದು ಕುರಿಕಾಲಿಂದು ದುಡ್ಡು ಯಾರ್ಗ್ ಕೊಟ್ಟೆ?” ಅಂದರು.

ನಾನು, “ಇಲ್ಲ ಯಜಮಾನ್ರೇ, ಕಂಪ್ಯೂಟರ್ ಲೆಕ್ಕ, ತಪ್ಪು ಬರಲ್ಲ,” ಅಂದೆ. ಹೌದು, ಹಾಗೇ ಅಂದೆ.

“ಕಂಪ್ಯೂಟ್ರು ನನ್ನ ಆಲೆಮನೇಲಿ ಬೆಲ್ಲ ಕಾಯಿಸ್ತಾ? ನೋಡ್ ಕಣಪ್ಪ ಸುಮ್ನೆ.”

ನೋಡಿದೆ. ಎರಡು ಸಾಲಿನ ಮೊತ್ತದ ಜಾಗ ಖಾಲಿ. ಹಿಂದೆ ನಿಂತಿದ್ದ ಹಮಾಲರು ನಗುತ್ತಿದ್ದರು. ಎರಡನೇ ಪಟ್ಟಿ ಪ್ರಿಂಟ್ ಮಾಡಿ ಕೊಟ್ಟೆ, ಅದನ್ನೂ ಅವರು ಚೀಟಿಗೆ ಹಿಡಿದು ನೋಡಿಯೇ ಜೇಬಿಗೆ ಹಾಕಿಕೊಂಡರು. ತಪ್ಪು ಎಕ್ಸೆಲ್‌ನದಲ್ಲ, ಪೂರ್ತಿ ನನ್ನದೇ. ಮಾರನೇ ದಿನ ಕೊನೆ ಸಾಲನ್ನು ತೂಕದ ಕಾಲಂ ನೋಡಿ ಹುಡುಕುವ ಹಾಗೆ ಬದಲಾಯಿಸಿದೆ. ತೂಕ ಇಲ್ಲದೆ ಯಾವ ಸಾಲೂ ಇರಲ್ಲ ನಮ್ಮಲ್ಲಿ. ನಿಮ್ಮ ಅಂಗಡಿಯಲ್ಲಿ ಯಾವ ಕಾಲಂ ಎಂದೂ ಖಾಲಿ ಇರಲ್ಲವೋ ಅದನ್ನು ಹಿಡಿಯಿರಿ, ಅದು ಮೊದಲ ಕಾಲಂ ಆಗಿರಬೇಕು ಅಂತೇನಿಲ್ಲ. ಕಂಟ್ರೋಲ್ ಟಿ ಒತ್ತಿ ಟೇಬಲ್ ಮಾಡಿಕೊಂಡರೆ ಕೆಳಗೆ ಟೈಪ್ ಮಾಡಿದಷ್ಟೂ ಅದೇ ಬೆಳೆಯುತ್ತೆ, ಈ ತಲೆನೋವೇ ಇಲ್ಲ ಅಂತ ಹೇಳುವವರಿದ್ದಾರೆ. ನಿಜ. ಹೊಸದಾಗಿ ಶುರು ಮಾಡುವವರು ಅದನ್ನೇ ಮಾಡಿ.

ಕನ್ನಡದ ವಿಷಯಕ್ಕೆ ಬರೋಣ. ಹಾಳೆಯಲ್ಲಿ ಯೂನಿಕೋಡ್ ಕನ್ನಡ ಚೆನ್ನಾಗಿ ಬರುತ್ತೆ, ಹುಡುಕಿದರೆ ಸಿಗುತ್ತೆ. ಕೋಡ್ ಬರೆಯುವ ಕಿಟಕಿಗೆ ಹೋದರೆ ಕನ್ನಡ ಸತ್ತಂತೆ. ಬಗೆ ಅಚ್ಚು ಆಗಿದ್ದರೆ ಹೀಗೆ ಮಾಡು ಅಂತ ಬರೆಯಲು ಹೋದರೆ, ಅಚ್ಚು ಇರಬೇಕಾದ ಕಡೆ ನಾಲ್ಕೈದು ಪ್ರಶ್ನಾರ್ಥಕ ಚಿಹ್ನೆ ನಿಂತಿರುತ್ತವೆ. ಕಾಪಿ ಪೇಸ್ಟ್ ಮಾಡಿದರೂ ಅಷ್ಟೇ. ಸಂದೇಶ ತೋರಿಸುವ ಮೆಸೇಜ್ ಬಾಕ್ಸಿನಲ್ಲೂ ಅದೇ ಪ್ರಶ್ನೆಗಳ ಸಾಲು. ಮ್ಯಾಕ್ರೊ ಬರೆಯುವ ಭಾಷೆ ವಿಬಿಎ ಎಕ್ಸೆಲ್‌ಗೆ ಬಂದಿದ್ದು 1993ರಲ್ಲಿ, ಆ ಕೋಡ್ ಕಿಟಕಿ ಇವತ್ತಿಗೂ ಯೂನಿಕೋಡ್ ಕಲಿತಿಲ್ಲ. ಇಷ್ಟು ವರ್ಷದಲ್ಲಿ ಇದೊಂದನ್ನು ಸರಿ ಮಾಡಬಾರದಿತ್ತಾ ಅಂತ ನನಗೆ ನಿಜಕ್ಕೂ ಬೇಜಾರಿದೆ.

ದಾರಿ ಇದೆ. ಸೆಟ್ಟಿಂಗ್ ಅಂತ ಬೇರೆ ಹಾಳೆ ಮಾಡಿ, ಅಲ್ಲಿ ಒಂದೊಂದು ಸೆಲ್‌ನಲ್ಲಿ ಅಚ್ಚು, ಬಕೆಟ್ ಅಂತ ಕನ್ನಡದಲ್ಲೇ ಬರೆದಿಟ್ಟು, ಆ ಸೆಲ್‌ಗಳಿಗೆ ಇಂಗ್ಲಿಷ್ ಅಕ್ಷರದ ಹೆಸರು ಕೊಟ್ಟೆ. ಕೋಡ್ ಮತ್ತು ಫಾರ್ಮುಲಾ ಆ ಹೆಸರನ್ನು ಮಾತ್ರ ನೋಡುತ್ತವೆ, ಕನ್ನಡ ಕೋಡ್‌ನೊಳಗೆ ಬರುವುದೇ ಇಲ್ಲ. ನನ್ನ ಎಲ್ಲ ಹೆಸರುಗಳೂ ಹೀಗೇ, ವಾಟ್ಸಾಪ್‌ನಲ್ಲಿ ನಾವು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುತ್ತೇವಲ್ಲ, ಆ ತರಹ. ತೂಕ, ದರ, ಮೊತ್ತ, ಬಾಡಿಗೆ. ವೆಯ್ಟ್, ರೇಟ್ ಅಂತ ಇಡಬಹುದಿತ್ತು. ಬೇಕಂತಲೇ ಇಡಲಿಲ್ಲ, ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಉಳಿದ ಕೊರತೆಗಳು ಬೇಗ ಹೇಳಿ ಮುಗಿಸುತ್ತೇನೆ. ಮ್ಯಾಕ್ರೊ ಓಡಿದ ಮೇಲೆ ಕಂಟ್ರೋಲ್ ಝೆಡ್ ಕೆಲಸ ಮಾಡಲ್ಲ, ಅನ್‌ಡೂ ಪಟ್ಟಿಯೇ ಖಾಲಿ ಆಗಿರುತ್ತೆ. ಅದಕ್ಕೇ ಬಟನ್ ಒತ್ತಿದ ತಕ್ಷಣ ಮೊದಲು ಒಂದು ಕಾಪಿ ಸೇವ್ ಆಗಲಿ, ಆಮೇಲೆ ಮಿಕ್ಕ ಕೆಲಸ ಅಂತ ಕೋಡ್‌ನ ತಲೆಯಲ್ಲೇ ಬರೆದಿಟ್ಟಿದ್ದೇನೆ. ಇದನ್ನು ಮಾತ್ರ ಯಾರೂ ಬಿಡಬೇಡಿ. ಸೇವ್ ಮಾಡುವಾಗ ಎಕ್ಸ್‌ಎಲ್‌ಎಸ್‌ಎಮ್ ಅಂತ ಆರಿಸಬೇಕು, ಮಾಮೂಲಿ ಎಕ್ಸ್‌ಎಲ್‌ಎಸ್‌ಎಕ್ಸ್ ಆದರೆ ಕೋಡ್ ಉಳಿಯಲ್ಲ. ಮೈಸೂರಿನ ಆಡಿಟರ್ ಆಫೀಸಿಗೆ ಮೇಲ್ ಮಾಡಿದರೆ ಅವರ ಕಡೆ ಮ್ಯಾಕ್ರೊ ಬ್ಲಾಕ್ ಆಗಿ ಕೂರುತ್ತೆ. ಇಂಟರ್‌ನೆಟ್‌ನಿಂದ ಬಂದ ಫೈಲಿನ ಮ್ಯಾಕ್ರೊವನ್ನು 2022ರಿಂದ ಹಾಗೆ ತಡೆಯುತ್ತಾರೆ, ವೈರಸ್ ಕಾಟಕ್ಕೆ. ಒಳ್ಳೇದೇ, ಬೈಯುವ ಹಾಗಿಲ್ಲ. ಫೈಲಿನ ಪ್ರಾಪರ್ಟೀಸ್‌ಗೆ ಹೋಗಿ ಅನ್‌ಬ್ಲಾಕ್ ಮಾಡಬೇಕು. ನಾನು ಈಗ ಆಡಿಟರ್‌ಗೆ ಬರೀ ಅಂಕಿ ಇರುವ ಕಾಪಿ ಕಳಿಸುತ್ತೇನೆ. ಮೊಬೈಲ್ ಎಕ್ಸೆಲ್‌ನಲ್ಲಿ ಮ್ಯಾಕ್ರೊ ಓಡುವುದೇ ಇಲ್ಲ, ಬಟನ್ ಕಂಡರೂ ಒತ್ತಿದರೆ ಏನೂ ಆಗಲ್ಲ. ಕೋಡ್‌ನೊಳಗೆ ಫಾರ್ಮುಲಾ ಬರೆಯುವಾಗ ಕೋಟ್ಸ್ ಬಂದರೆ ಎರಡೆರಡು ಹಾಕಬೇಕು, ಖಾಲಿ ಅಂತ ಹೇಳಲು ನಾಲ್ಕು ಕೋಟ್ಸ್. ಮೊದಲ ತಿಂಗಳು ನನಗೆ ಬಂದ ಎರರ್‌ಗಳಲ್ಲಿ ಇದರದ್ದೇ ಸಿಂಹಪಾಲು.

ಇನ್ನೊಂದು ಎಚ್ಚರಿಕೆ. ನಿನ್ನೆಯ ಹಾಳೆಯನ್ನೇ ಕಾಪಿ ಮಾಡಿ ಇವತ್ತಿನ ತಾರೀಕು ಹಾಕುವ ಅಭ್ಯಾಸ ಇದ್ದರೆ ಬಿಡಿ. ಹಾಳೆ ಕಾಪಿ ಆದಾಗ ಹೆಸರುಗಳೂ ಕಾಪಿ ಆಗುತ್ತವೆ, ಆ ಹಾಳೆಗಷ್ಟೇ ಸೇರಿದ ತೂಕ, ಆ ಹಾಳೆಗಷ್ಟೇ ಸೇರಿದ ದರ. ಒಂದು ತಿಂಗಳು ಬಿಟ್ಟು ನೇಮ್ ಮ್ಯಾನೇಜರ್ ತೆರೆದೆ, ತೂಕ ಅಂತಲೇ ಇಪ್ಪತ್ತಾರು ಇದ್ದವು. ಯಾವ ತೂಕ ಯಾವ ದಿನದ್ದು ಅಂತ ನೋಡುತ್ತಾ ಕೂತರೆ ಬೆಳಗಾಗುತ್ತೆ. ಈಗ ಒಂದೇ ಹಾಳೆ, ತಾರೀಕಿಗೆ ಒಂದು ಕಾಲಂ.

ಲಿಬ್ರೆಆಫೀಸ್ ಬಿಟ್ಟಿ ಸಿಗುತ್ತಲ್ಲ ಅಂತ ಕೇಳಿದವರಿಗೆ: ಅದರಲ್ಲೂ ರೇಂಜಿಗೆ ಹೆಸರಿಡಬಹುದು, ಮ್ಯಾಕ್ರೊ ಕೂಡ ಇದೆ. ಆದರೆ ಅದರ ಕೋಡ್ ಭಾಷೆ ಬೇಸಿಕ್ ಬೇರೆ ತರಹದ್ದು, ಎಕ್ಸೆಲ್ ಕೋಡ್ ತಂದು ಹಾಕಿದರೆ ಎಲ್ಲವೂ ಹಾಗೇ ಓಡುತ್ತೆ ಅಂತ ನಂಬಬೇಡಿ. ಬರೀ ಹೆಸರು ಮತ್ತು ಫಾರ್ಮುಲಾ ಸಾಕು, ಕೋಡ್ ಬೇಡ ಅನ್ನುವವರಿಗೆ ಧಾರಾಳವಾಗಿ ಆಗುತ್ತೆ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಕನ್ನಡಕ್ಕೆ ಅರ್ಧ, ಅನ್‌ಡೂಗೆ ಅರ್ಧ ಕಳೆದಿದ್ದೇನೆ. ದಿನಕ್ಕೆ ಹತ್ತು ಸಾಲು ಬರೆಯುವ ಅಂಗಡಿಗೆ ಇದು ಬೇಡವೇ ಬೇಡ, ಫಾರ್ಮುಲಾವನ್ನು ಕೆಳಕ್ಕೆ ಎಳೆದುಕೊಳ್ಳಿ ಸಾಕು. ನಲವತ್ತು ದಾಟಿದರೆ, ಕಾಲಂಗಳು ಆಗಾಗ ಬದಲಾಗುತ್ತಿದ್ದರೆ, ಒಂದು ಭಾನುವಾರ ಹಾಳು ಮಾಡಿಕೊಂಡರೂ ನಷ್ಟ ಇಲ್ಲ.

ವೆಯ್ಟ್, ರೇಟ್ ಅಂತ ಯಾಕಿಡಲಿಲ್ಲ ಅಂದೆನಲ್ಲ. ನಮ್ಮ ಯಜಮಾನ್ರಿಗೆ ಕಂಪ್ಯೂಟರ್ ಬರಲ್ಲ, ವಾಟ್ಸಾಪ್ ಬರುತ್ತೆ. ಹೋದ ತಿಂಗಳು ಒಂದು ಸಂಜೆ ನನ್ನ ಹಿಂದೆ ಬಂದು ನಿಂತು, ನಿವ್ವಳದ ಸೆಲ್ ಮೇಲೆ ಬೆರಳಿಟ್ಟರು. ಮೇಲಿನ ಪಟ್ಟಿಯಲ್ಲಿ ಫಾರ್ಮುಲಾ ಕಾಣುತ್ತಿತ್ತು. ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದಿದರು, “ಮೊತ್ತ... ಮೈನಸ್ ಹಮಾಲಿ... ಮೈನಸ್ ಬಾಡಿಗೆ.” ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ, “ಅಲ್ಲ ಕಣಯ್ಯಾ, ಮುಂಗಡ ಎಲ್ಲಿ ಕಳೆದಿದೀಯಾ ಇದ್ರಲ್ಲಿ?” ಅಂದರು.

ಕಳೆದಿರಲಿಲ್ಲ. ಮುಂಗಡವನ್ನು ನಾನು ಇನ್ನೂ ಕೈಪುಸ್ತಕದಲ್ಲಿ ಬರೆದು, ಪಟ್ಟಿಯ ಕೆಳಗೆ ಪೆನ್ನಿನಲ್ಲಿ ಕಳೆದು ಕೊಡುತ್ತಿದ್ದೆ. ಎಫ್2 ಮೈನಸ್ ಜಿ2 ಮೈನಸ್ ಎಚ್2 ಅಂತ ಇದ್ದ ಕಾಲದಲ್ಲಿ ಅವರು ಒಂದು ದಿನವೂ ಆ ಕಡೆ ತಿರುಗಿ ನೋಡಿದವರಲ್ಲ. ಬಾಡಿಗೆಯ ಪಕ್ಕ ಹೊಸ ಕಾಲಂ ಹಾಕಿ ಮುಂಗಡ ಅಂತ ಹೆಸರಿಟ್ಟೆ, ಕೋಡ್‌ನ ಆ ಒಂದು ಸಾಲಿನ ಕೊನೆಗೆ ಮೈನಸ್ ಮುಂಗಡ ಸೇರಿಸಿದೆ. ಅವರು ನಿಂತೇ ಇದ್ದರು. ಬಟನ್ ಒತ್ತಿದೆ. ಮತ್ತೆ ಬೆರಳಿಟ್ಟು ಮೊದಲಿನಿಂದ ಓದಿದರು, ಕೊನೆಯವರೆಗೂ. “ಹೂಂ, ಈಗ ಪ್ರಿಂಟ್ ತೆಗಿ,” ಅಂದು ಗಲ್ಲಾಪೆಟ್ಟಿಗೆ ಕಡೆ ಹೋದರು.